ಹುಳು ನೆಟ್ಟಗೆ ಕೂತರೆ ಬಾಸ್ ಬರುತ್ತದೆ

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಗಿನ ಜಾವ ಬಾಸ್ ಮೀನು ಹಿಡಿಯಲು ಟೆಕ್ಸಾಸ್‌ನ ಲೇಕ್ ಫೋರ್ಕ್ ಕೆರೆಗೆ ಹೊರಡುವವರೇ ಇಲ್ಲಿ ಜಾಸ್ತಿ ಇದ್ದೀರಿ. ಹಾಗಾಗಿ ಸುತ್ತಿ ಬಳಸಿ ಮಾತಾಡುವುದಿಲ್ಲ. ಪ್ಲಾಸ್ಟಿಕ್ ಹುಳುವನ್ನು ಗಾಳಕ್ಕೆ ಏರಿಸುವುದು ಹೇಗೆ, ಇವತ್ತು ಅಷ್ಟೇ.

ನಮ್ಮಲ್ಲಿ ಎಷ್ಟೋ ಜನ ತುಂಗೆಯಲ್ಲೋ ಊರ ಕೆರೆಯಲ್ಲೋ ಎರೆಹುಳು ಸಿಕ್ಕಿಸಿ ಗಾಳ ಹಾಕಿದವರು. ಅಲ್ಲಿ ಹುಳುವನ್ನು ಹೇಗೆ ಚುಚ್ಚಿದರೂ ನಡೆಯುತ್ತಿತ್ತು, ಅದು ತಾನಾಗಿ ಒದ್ದಾಡುತ್ತಿತ್ತು. ಪ್ಲಾಸ್ಟಿಕ್ ಹುಳು ಒದ್ದಾಡುವುದಿಲ್ಲ. ಅದು ನೀರಿನಲ್ಲಿ ಇಳಿಯುವ ರೀತಿ, ಬಳುಕುವ ರೀತಿ ನೋಡಿಯೇ ಬಾಸ್ ಬಾಯಿ ಹಾಕಬೇಕು. 1949ರಲ್ಲಿ ಒಹಾಯೊದ ಅಕ್ರನ್‌ನಲ್ಲಿ ನಿಕ್ ಕ್ರೀಮ್ ಮತ್ತು ಅವರ ಹೆಂಡತಿ ಕಾಸ್ಮಾ ಈ ಹುಳು ಮಾಡಿದರು. ಆಮೇಲೆ ಅವರ ಕಂಪನಿ ಟೆಕ್ಸಾಸ್‌ನ ಟೈಲರ್‌ಗೆ ಬಂತು, ನಾಳೆ ನಾವು ಹೋಗುವ ಕೆರೆಗೆ ಹತ್ತಿರವೇ.

ಈ ಕಡೆಯ ಕೆರೆಗಳ ತುಂಬ ಮುಳುಗಿದ ಮರಗಳು. ತುದಿ ಹೊರಗಿದ್ದ ಗಾಳ ಎಸೆದ ಕೂಡಲೇ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ತುದಿಯನ್ನು ಹುಳುವಿನೊಳಗೆ ಬಚ್ಚಿಡುವುದು. ಗಾಳಕ್ಕೆ ಹುಳು ಜೋಡಿಸುವ ಈ ರೀತಿಯೇ ಟೆಕ್ಸಾಸ್ ರಿಗ್.

ಮೊದಲು ದಾರಕ್ಕೆ ಬುಲೆಟ್ ಆಕಾರದ ತೂಕದ ಗುಂಡು ಪೋಣಿಸಿ, ಚೂಪು ಕಡೆ ಕೋಲಿನತ್ತ ಇರಲಿ. ಆಮೇಲೆ ಗಾಳ ಕಟ್ಟಿ. 7 ಇಂಚಿನ ಹುಳುವಿಗೆ 3/0 ಅಳತೆಯ ಆಫ್‌ಸೆಟ್ ಗಾಳ, ಅಂದರೆ ದಾರ ಕಟ್ಟುವ ಕಡೆ ಸೊಟ್ಟಗಿರುವ ಗಾಳ, ಸಾಕು. ತುದಿಯನ್ನು ಹುಳುವಿನ ತಲೆಯ ನಟ್ಟನಡುವೆ ಚುಚ್ಚಿ, ಕಾಲು ಇಂಚು ಒಳಗೆ ಹೋದಮೇಲೆ ಪಕ್ಕದಿಂದ ಹೊರಗೆ ತನ್ನಿ. ತಲೆಯನ್ನು ಗಾಳದ ಮೇಲಿನ ಸೊಟ್ಟಕ್ಕೆ ತಂದು ಕೂರಿಸಿ, ಗಾಳವನ್ನು ಅರ್ಧ ಸುತ್ತು ತಿರುಗಿಸಿ, ತುದಿ ಹುಳುವಿನ ಕಡೆಗೆ ಬರುತ್ತದೆ.

ಇಲ್ಲಿ ಒಂದು ನಿಮಿಷ ನಿಲ್ಲಿ. ಈಗಲೇ ಚುಚ್ಚಬೇಡಿ. ಹುಳುವನ್ನು ಸುಮ್ನೆ ಇಳಿಬಿಟ್ಟು ಗಾಳದ ಕೆಳಗಿನ ಬಾಗು ಅದರ ಮೈಮೇಲೆ ಎಲ್ಲಿಗೆ ಬರುತ್ತದೆ ನೋಡಿ, ಅಲ್ಲಿ ಉಗುರಿನಿಂದ ಗುರುತು ಮಾಡಿ. ಆ ಗುರುತಿನಲ್ಲೇ ಚುಚ್ಚಿ ಇನ್ನೊಂದು ಬದಿಗೆ ತೆಗೆಯಿರಿ, ತುದಿಯನ್ನು ಮೇಲಿನ ತೊಗಲಿಗೆ ಒಂದು ಕೂದಲೆಳೆಯಷ್ಟು ಸಿಕ್ಕಿಸಿ. ನಾನು ಮೊದಲ ವರ್ಷ ಅಂದಾಜಿನಲ್ಲಿ ಚುಚ್ಚುತ್ತಿದ್ದೆ. ಗುರುತು ಅರ್ಧ ಇಂಚು ತಪ್ಪಿದರೂ ಹುಳು ಗೂನು ಬೆನ್ನಾಗುತ್ತದೆ, ಎಳೆದಾಗ ಗಿರಗಿರ ತಿರುಗುತ್ತದೆ, ದಾರವೆಲ್ಲ ಹುರಿಯಾಗುತ್ತದೆ, ಮೀನು ಹತ್ತಿರವೂ ಬರುವುದಿಲ್ಲ. ಸಂದೇಹ ಬಂದರೆ ದಡದ ತಿಳಿನೀರಿನಲ್ಲಿ ಎರಡು ಅಡಿ ಎಳೆದು ನೋಡಿ. ತಿರುಗಿದರೆ ಬಿಚ್ಚಿ ಮತ್ತೆ ಏರಿಸಿ, ಬೇಜಾರು ಮಾಡಿಕೊಳ್ಳಬೇಡಿ.

ಮರ, ಜೊಂಡು ಇಲ್ಲದ ಕಡೆ ವ್ಯಾಕಿ ರಿಗ್ ನನಗೆ ಬಹಳ ಇಷ್ಟ. ತೂಕ ಬೇಡ, ಹುಳುವಿನ ನಡುವಿಗೇ ಗಾಳ. ಇಳಿಯುವಾಗ ಎರಡೂ ತುದಿ ನಡುಗುತ್ತವೆ. ನಡುವಿಗೆ ರಬ್ಬರ್ ಉಂಗುರ ಹಾಕಿದರೆ ಹುಳು ಬೇಗ ಹರಿಯುವುದಿಲ್ಲ.

ಬೆಂಡು ಮುಳುಗುವವರೆಗೆ ಕಾಯುವ ಅಭ್ಯಾಸ ನಮ್ಮದು, ಅಲ್ವಾ? ಇಲ್ಲಿ ಬೆಂಡೇ ಇಲ್ಲ. ದಾರದಲ್ಲಿ ಸಣ್ಣದಾಗಿ ಟಕ್ ಅನ್ನುತ್ತದೆ, ಇಲ್ಲವೇ ದಾರ ಪಕ್ಕಕ್ಕೆ ಸರಿಯುತ್ತದೆ. ಸಡಿಲ ಇದ್ದಷ್ಟು ಸುತ್ತಿಕೊಂಡು ಕೋಲನ್ನು ಜೋರಾಗಿ ಎತ್ತಿ. ತಡ ಮಾಡಿದರೆ ಉಗುಳಿಬಿಡುತ್ತದೆ.

ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಇಂಚಿನ ಬಾಸ್ ಸಿಕ್ಕರೆ ವಾಪಸ್ ಬಿಡಲೇಬೇಕು, ಅಳತೆ ಪಟ್ಟಿ ತನ್ನಿ. ಹರಿದ ಹುಳುಗಳನ್ನು ದಯವಿಟ್ಟು ನೀರಿಗೆ ಎಸೆಯಬೇಡಿ. ಮೀನು ಅದನ್ನು ನುಂಗುತ್ತದೆ, ಹೊಟ್ಟೆಯಲ್ಲಿ ಅದು ಕರಗುವುದಿಲ್ಲ. ನನ್ನ ಡಬ್ಬಿಯಲ್ಲಿ ಅದಕ್ಕೆಂದೇ ಒಂದು ಚೀಲ ಇದೆ, ಅದರೊಳಗೆ ಹಾಕಿ. ಈಗ ಒಬ್ಬೊಬ್ಬರೂ ಒಂದೊಂದು ಗಾಳ ತೆಗೆದುಕೊಳ್ಳಿ, ಏರಿಸಿ ತೋರಿಸಿ.