ಪಾಲ್ಮೈರಾ: ದೇವಸ್ಥಾನದ ಒಳಗಿದ್ದ ಊರು ಎಲ್ಲಿ ಹೋಯಿತು?

[ಪರದೆಯಲ್ಲಿ: ಕಪ್ಪು-ಬಿಳುಪು ಫೋಟೋ. ಎತ್ತರದ ಕಂಬಗಳ ಸಾಲು. ಬುಡದಲ್ಲಿ ಒತ್ತೊತ್ತಾಗಿ ಮನೆಗಳು.]

ಈ ಫೋಟೋದಲ್ಲಿ ಮೊದಲು ಕಣ್ಣಿಗೆ ಬೀಳೋದು ಕಂಬಗಳು. ಸ್ವಲ್ಪ ಹೊತ್ತು ಅವನ್ನು ಬಿಡಿ, ಕೆಳಗೆ ನೋಡಿ. ಮಣ್ಣಿನ ಗೋಡೆಗಳು, ಮಟ್ಟಸವಾದ ಮಾಳಿಗೆಗಳು. ಒಂದು ಮನೆಗೆ ಒರಗಿಕೊಂಡು ಇನ್ನೊಂದು ಮನೆ. ಅವುಗಳ ನಡುವಿನಿಂದ ರೋಮನ್ ಕಾಲದ ಕಂಬಗಳು ಮೇಲೆದ್ದಿವೆ. ಸುಮಾರು ಎರಡು ಸಾವಿರ ವರ್ಷ ಹಳೆಯ ದೇವಸ್ಥಾನದ ಅಂಗಳದಲ್ಲಿ ಒಂದು ಇಡೀ ಊರು ಬದುಕುತ್ತಿದೆ.

ಇದು ಸಿರಿಯಾದ ಪಾಲ್ಮೈರಾ. ಅಲ್ಲಿನ ಜನ ಕರೆಯೋದು ತದ್ಮುರ್ ಅಂತ. ದಮಾಸ್ಕಸ್‌ನಿಂದ ಈಶಾನ್ಯಕ್ಕೆ ಸುಮಾರು 215 ಕಿಲೋಮೀಟರ್. ಸುತ್ತ ಮರುಭೂಮಿ, ನಡುವೆ ಎಫ್ಕಾ ಅನ್ನೋ ಒಂದು ಬುಗ್ಗೆ. ಆ ನೀರಿನಿಂದ ಖರ್ಜೂರದ ತೋಟ, ತೋಟದಿಂದ ಒಂಟೆ ಸಾಲುಗಳ ತಂಗುದಾಣ, ವ್ಯಾಪಾರದ ದುಡ್ಡಿನಿಂದ ಈ ಕಂಬಗಳು. ಇಲ್ಲಿನ ರಾಣಿ ಜೆನೋಬಿಯಾ ರೋಮ್‌ಗೆ ತಿರುಗಿಬಿದ್ದಿದ್ದು, 272ರಲ್ಲಿ ಚಕ್ರವರ್ತಿ ಔರೇಲಿಯನ್ ಬಂದು ಊರನ್ನು ಹಿಡಿದಿದ್ದು, ಆ ಕಥೆ ನಿಮಗೆ ಎಲ್ಲಿ ಬೇಕಾದ್ರೂ ಸಿಗುತ್ತೆ. ನಾವು ಇವತ್ತು ನೋಡೋದು ಫೋಟೋಗಳನ್ನು.

[ಪರದೆಯಲ್ಲಿ: ಕಂದು ಬಣ್ಣಕ್ಕೆ ತಿರುಗಿದ ಹಳೆಯ ಫೋಟೋ, ಸಾಲುಕಂಬಗಳ ಬೀದಿ.]

ಈಗ ಉಳಿದಿರುವ ಪಾಲ್ಮೈರಾ ಫೋಟೋಗಳಲ್ಲಿ ತುಂಬ ಹಳೆಯವು 1864ರವು. ತೆಗೆದವನು ಲೂಯಿ ವೀನ್ಯ, ಫ್ರೆಂಚ್ ನೌಕಾಪಡೆಯ ಅಧಿಕಾರಿ. ನೌಕಾಪಡೆಯವನಿಗೆ ಮರುಭೂಮಿಯಲ್ಲಿ ಏನು ಕೆಲಸ ಅಂತೀರಾ? ಡ್ಯೂಕ್ ದ ಲುಯಿನ್ ಅನ್ನೋ ಶ್ರೀಮಂತ ವಿದ್ವಾಂಸ ಮೃತ ಸಮುದ್ರದ ಅಧ್ಯಯನಕ್ಕೆ ಹೊರಟಾಗ ವೀನ್ಯನನ್ನೂ ಕರೆದುಕೊಂಡು ಹೋಗಿದ್ದ. ಆ ಪ್ರವಾಸದ ಜೊತೆಗೇ ಆದದ್ದು ಈ ಪಾಲ್ಮೈರಾ ಕೆಲಸ. ಅವನಿಗೆ ಕ್ಯಾಮೆರಾ ಹಿಡಿಯಲು ಕಲಿಸಿದವನು ಶಾರ್ಲ್ ನೆಗ್ರ್, ಆ ಕಾಲದ ಫ್ರಾನ್ಸ್‌ನ ದೊಡ್ಡ ಫೋಟೋಗ್ರಾಫರ್. ವೀನ್ಯ ತಂದ ನೆಗೆಟಿವ್‌ಗಳಿಂದ ಫೋಟೋಗಳನ್ನು ಮುದ್ರಿಸಿದವನೂ ಅವನೇ. ಅವು ಈಗ ಲಾಸ್ ಏಂಜಲೀಸ್‌ನ ಗೆಟ್ಟಿ ಸಂಶೋಧನಾ ಸಂಸ್ಥೆಯಲ್ಲಿವೆ.

ಆಗ ಅಲ್ಲಿಗೆ ಹೋಗೋದೇ ಒಂದು ಸಾಹಸ. ದಮಾಸ್ಕಸ್ ಬಿಟ್ಟರೆ ಒಂಟೆ ಅಥವಾ ಕುದುರೆ ಮೇಲೆ ದಿನಗಟ್ಟಲೆ ದಾರಿ. ಬೆದುಯಿನ್ ಪಂಗಡಗಳಿಗೆ ದುಡ್ಡು ಕೊಟ್ಟು ಕಾವಲು ತಗೊಂಡು ಹೋಗಬೇಕು. ಅದರ ಮೇಲೆ ಭಾರದ ಕ್ಯಾಮೆರಾ, ರಾಸಾಯನಿಕದ ಬಾಟಲಿಗಳು. ಒಂದು ಚಿತ್ರಕ್ಕೆ ಸೆಕೆಂಡುಗಟ್ಟಲೆ ಕಾಯಬೇಕು. ಅಲುಗಾಡಿದ ಮನುಷ್ಯ ಮಸುಕಾಗಿ ಬಿಡ್ತಾನೆ, ಅಲುಗದ ಕಲ್ಲು ಮಾತ್ರ ಚೆನ್ನಾಗಿ ಬರುತ್ತೆ. ಆ ಕಾಲದ ಫೋಟೋಗಳಲ್ಲಿ ಊರೆಲ್ಲ ಖಾಲಿ ಖಾಲಿ ಕಾಣೋದಕ್ಕೆ ಇದೂ ಒಂದು ಕಾರಣ. ಇನ್ನೊಂದು ಕಾರಣ, ನನ್ನ ಪ್ರಕಾರ, ಹೋದವರಿಗೆ ಬೇಕಾಗಿದ್ದೇ ಕಲ್ಲು.

[ಪರದೆಯಲ್ಲಿ: ಮೂರು ಬಾಗಿಲಿನ ಕಮಾನು. ನಿಧಾನಕ್ಕೆ ನಡುವಿನ ಕಮಾನಿನ ನೆತ್ತಿಗೆ ಝೂಮ್.]

ಇಲ್ಲಿ ಒಂದು ನಿಮಿಷ ನಿಲ್ಲೋಣ. ಇದು ಬಾನ್‌ಫಿಸ್ ಕುಟುಂಬದ ಫೋಟೋ. ಫೆಲಿಕ್ಸ್ ಬಾನ್‌ಫಿಸ್ 1867ರಲ್ಲಿ ಫ್ರಾನ್ಸ್ ಬಿಟ್ಟು ಬಂದು ಬೈರುತ್‌ನಲ್ಲಿ ಸ್ಟುಡಿಯೋ ತೆರೆದ. ಹೆಂಡತಿ ಲಿಡಿ, ಮಗ ಆಡ್ರಿಯನ್ ಕೂಡ ಅದೇ ಕೆಲಸಕ್ಕೆ ಇಳಿದರು. ಪ್ರವಾಸಿಗರಿಗೆ ಫೋಟೋ ಮಾರೋದು ಅವರ ವ್ಯಾಪಾರ.

ಕಮಾನಿನ ತುದಿ ನೋಡಿ. ಎರಡೂ ಕಡೆಯ ಕಲ್ಲುಗಳನ್ನು ಬಿಗಿಯಾಗಿ ಹಿಡಿಯಲು ನಟ್ಟನಡುವೆ ಒಂದು ಕಲ್ಲು ಕೂರಿಸ್ತಾರಲ್ಲ, ಅದು ಕೆಳಗೆ ಜಾರಿದೆ. ಅರ್ಧ ಹೊರಗೆ ಬಂದು ನೇತಾಡ್ತಿದೆ. ಈಗ ಬೀಳುತ್ತೆ, ಆಗ ಬೀಳುತ್ತೆ ಅನ್ನಿಸುತ್ತೆ, ಅಲ್ವಾ? ಬೀಳಲಿಲ್ಲ. 1930ರ ದಶಕದಲ್ಲಿ ಈ ಕಮಾನನ್ನು ದುರಸ್ತಿ ಮಾಡಿ ನೆಟ್ಟಗೆ ಮಾಡಿದರು. ನಾವು ಕ್ಯಾಲೆಂಡರ್‌ಗಳಲ್ಲಿ ನೋಡಿದ ಪಾಲ್ಮೈರಾ ಕಮಾನು ಆ ದುರಸ್ತಿಯ ನಂತರದ್ದು.

ಆ ದಶಕದಲ್ಲಿ ಬದಲಾಗಿದ್ದು ಕಮಾನು ಮಾತ್ರವೇ ಅಲ್ಲ. ಮತ್ತೆ ಮೊದಲಿನ ಫೋಟೋಗೆ ಬನ್ನಿ.

[ಪರದೆಯಲ್ಲಿ: ಮತ್ತೆ ಮಣ್ಣಿನ ಮನೆಗಳು. ನಂತರ ಮೇಲಿನಿಂದ ತೆಗೆದ ಚಿತ್ರ, ಚೌಕಾಕಾರದ ಪ್ರಾಕಾರ.]

ಇದು ಬೇಲ್ ದೇವರ ದೇವಸ್ಥಾನ. ಕ್ರಿ.ಶ. 32ರಲ್ಲಿ ಪ್ರತಿಷ್ಠೆ ಆಯಿತು. ಸುತ್ತ ಒಂದೊಂದು ಬದಿಗೆ 200 ಮೀಟರ್ ದಾಟುವ ಪ್ರಾಕಾರ. ಮುಂದೆ ಇದೇ ಕಟ್ಟಡ ಚರ್ಚ್ ಆಯಿತು. 12ನೇ ಶತಮಾನದಲ್ಲಿ ಗರ್ಭಗುಡಿ ಮಸೀದಿ ಆಯಿತು, ಹೆಬ್ಬಾಗಿಲನ್ನು ಬುರುಜಿನ ಹಾಗೆ ಮುಚ್ಚಿ ಪ್ರಾಕಾರವನ್ನು ಕೋಟೆ ಮಾಡಿಕೊಂಡರು. ಬಯಲಲ್ಲಿ ದಾಳಿಯ ಭಯ, ಒಳಗೆ ಗಟ್ಟಿ ಗೋಡೆ. ಜನ ಒಳಗೇ ಮನೆ ಕಟ್ಟಿಕೊಂಡರು. ಯಾವುದಾದರೂ ಒಂದು ಕೆಲಸಕ್ಕೆ ಬಳಕೆಯಲ್ಲೇ ಇದ್ದಿದ್ದರಿಂದ ಈ ಕಟ್ಟಡ ಅಷ್ಟು ಚೆನ್ನಾಗಿ ಉಳಿಯಿತು ಅನ್ನೋದು ನನ್ನ ಲೆಕ್ಕ.

ಮೊದಲ ಮಹಾಯುದ್ಧದ ನಂತರ ಸಿರಿಯಾ ಫ್ರೆಂಚರ ಕೈಗೆ ಬಂತು. ಪುರಾತತ್ವ ಇಲಾಖೆಗೆ ಆನ್ರಿ ಸೇರಿಗ್ ಮುಖ್ಯಸ್ಥನಾದ. 1929ರಿಂದ 1932ರ ನಡುವೆ ದೇವಸ್ಥಾನದ ಒಳಗಿನ ಊರನ್ನು ಪೂರ್ತಿ ಕೆಡವಿದರು. ಪಕ್ಕದಲ್ಲಿ ನೇರ ನೇರ ಬೀದಿಗಳ ಹೊಸ ತದ್ಮುರ್ ಕಟ್ಟಿ ಜನರನ್ನು ಅಲ್ಲಿಗೆ ಸಾಗಿಸಿದರು. ಅಂಗಳ ಸ್ವಚ್ಛವಾಯಿತು. ಪುರಾತತ್ವದವರಿಗೆ ಅಗೆಯಲು ಜಾಗ ಸಿಕ್ಕಿತು, ನಿಜ. ಆದರೆ ಎಷ್ಟೋ ತಲೆಮಾರುಗಳ ಬದುಕು ಕಸದ ಹಾಗೆ ಹೊರಗೆ ಹೋಯಿತು. ಆ ಊರು ಹೇಗಿತ್ತು ಅಂತ ಕಣ್ಣಾರೆ ನೋಡಬೇಕು ಅಂದ್ರೆ ಇರೋದು ಇಂಥ ಫೋಟೋಗಳೇ.

ಊರಿನ ಪಶ್ಚಿಮಕ್ಕೆ ಗೋರಿಗಳ ಕಣಿವೆ. ಅಲ್ಲಿ ಗೋಪುರದಂಥ ಗೋರಿಗಳು, ಒಳಗೆ ಸತ್ತವರ ಕಲ್ಲಿನ ಮುಖಗಳು. ಆ ಮುಖಗಳು ಎಷ್ಟೋ ವಿದೇಶಕ್ಕೆ ಮಾರಾಟವಾದವು. ಡೆನ್ಮಾರ್ಕ್‌ನ ಹರಾಲ್ಡ್ ಇಂಗ್‌ಹೋಲ್ಟ್ 1920ರ ದಶಕದಿಂದ ಅಲ್ಲಿ ಅಗೆದವನು. ಒಂದೊಂದು ಮುಖದ ಫೋಟೋವನ್ನು ಹಾಳೆಗೆ ಅಂಟಿಸಿ, ಪಕ್ಕದಲ್ಲಿ ಟಿಪ್ಪಣಿ ಬರೆದಿಟ್ಟ. ಆ ಹಾಳೆಗಳು ಕೋಪನ್‌ಹೇಗನ್‌ನ ಗ್ಲಿಪ್ಟೊಟೆಕ್ ಮ್ಯೂಸಿಯಂನಲ್ಲಿವೆ. ಯಾವ ಮುಖ ಎಲ್ಲಿಯದು ಅಂತ ಪತ್ತೆ ಹಚ್ಚುವವರು ಇವತ್ತಿಗೂ ಅವನ್ನೇ ತಿರುವಿ ಹಾಕುತ್ತಾರೆ.

[ಪರದೆಯಲ್ಲಿ: ಉಪಗ್ರಹ ಚಿತ್ರಗಳು, ಮೊದಲು ಮತ್ತು ನಂತರ.]

ಮುಂದಿನದು ನಿಮಗೆ ಗೊತ್ತಿರಬಹುದು. 2015ರ ಮೇ ತಿಂಗಳಲ್ಲಿ ಐಸಿಸ್ ಉಗ್ರರ ಪಡೆ ಪಾಲ್ಮೈರಾಕ್ಕೆ ನುಗ್ಗಿತು. ಆಗಸ್ಟ್‌ನಲ್ಲಿ, ನಾಲ್ಕು ದಶಕ ಆ ಜಾಗವನ್ನು ನೋಡಿಕೊಂಡಿದ್ದ ಪುರಾತತ್ವಜ್ಞ ಖಾಲಿದ್ ಅಲ್-ಅಸಾದ್ ಅವರನ್ನು ಕೊಂದರು. ಅದೇ ತಿಂಗಳು ಬಾಲ್‌ಶಮಿನ್ ದೇವಸ್ಥಾನ ಸ್ಫೋಟಿಸಿದರು, ಒಂದು ವಾರದಲ್ಲಿ ಬೇಲ್ ದೇವಸ್ಥಾನವನ್ನೂ. ಅಕ್ಟೋಬರ್‌ನಲ್ಲಿ ಆ ಕಮಾನು ಹೋಯಿತು. ಬೇಲ್ ದೇವಸ್ಥಾನದ ಗರ್ಭಗುಡಿಯಲ್ಲಿ ಬಾಗಿಲುವಾಡ ಮಾತ್ರ ನಿಂತಿದೆ.

ಹಳೆಯ ಫೋಟೋಗಳಿಗೆ ದಿಢೀರ್ ಬೆಲೆ ಬಂದಿದ್ದು ಆಗಲೇ. ಬಾಲ್‌ಶಮಿನ್ ದೇವಸ್ಥಾನವನ್ನು 1954–56ರಲ್ಲಿ ಅಗೆದ ಸ್ವಿಸ್ ವಿದ್ವಾಂಸ ಪಾಲ್ ಕೊಲ್ಲಾರ್ ಅವರ ಫೋಟೋಗಳು, ನಕ್ಷೆಗಳು ಲೋಸಾನ್ ವಿಶ್ವವಿದ್ಯಾಲಯದಲ್ಲಿ ಇದ್ದವು. ಅವನ್ನೆಲ್ಲ ಡಿಜಿಟಲ್ ಮಾಡಿದರು. ಇನ್ನೊಂದು ಕಡೆ, ಫೋಟೋಗಳನ್ನು ಇಟ್ಟುಕೊಂಡು ಇಟಲಿಯಲ್ಲಿ ಯಂತ್ರದಿಂದ ಅಮೃತಶಿಲೆ ಕೆತ್ತಿಸಿ, ಕಮಾನಿನ ಸಣ್ಣ ಪ್ರತಿಯನ್ನು 2016ರಲ್ಲಿ ಲಂಡನ್‌ನ ಟ್ರಫಾಲ್ಗರ್ ಚೌಕದಲ್ಲಿ ನಿಲ್ಲಿಸಿದರು. ಜನ ಸೆಲ್ಫಿ ತಗೊಂಡರು. ಸಿರಿಯಾದಲ್ಲಿ ಯುದ್ಧ ನಡೀತಾನೇ ಇತ್ತು. ನನಗಂತೂ ಅದು ಸುಮ್ನೆ ಒಂದು ಪ್ರದರ್ಶನ ಅನ್ನಿಸಿತು.

ಬಾಸೆಲ್ ಖರ್ತಬಿಲ್ ಮಾಡಿದ ಕೆಲಸದ ಮೇಲೆ ನನಗೆ ಗೌರವ ಜಾಸ್ತಿ. ಸಿರಿಯಾದ ಸಾಫ್ಟ್‌ವೇರ್ ಡೆವಲಪರ್. ಯುದ್ಧಕ್ಕೂ ಎಷ್ಟೋ ವರ್ಷ ಮೊದಲೇ ಫೋಟೋಗಳನ್ನು ಆಧರಿಸಿ ಪಾಲ್ಮೈರಾದ ತ್ರೀಡಿ ಮಾದರಿ ಕಟ್ಟಲು ಕೂತವನು. 2012ರಲ್ಲಿ ಅವನನ್ನು ಹಿಡಿದಿದ್ದು ಐಸಿಸ್ ಅಲ್ಲ, ಆಗಿನ ಸಿರಿಯಾ ಅಧ್ಯಕ್ಷ ಬಶರ್ ಅಲ್-ಅಸಾದ್‌ನ ಸರ್ಕಾರ. 2015ರಲ್ಲಿ ಮರಣದಂಡನೆ ಕೊಟ್ಟರು. ಹೊರಗೆ ಗೊತ್ತಾಗಿದ್ದು 2017ರಲ್ಲಿ. ಅವನು ಶುರು ಮಾಡಿದ ಮಾದರಿಗಳನ್ನು ಗೆಳೆಯರು ಎಲ್ಲರಿಗೂ ಮುಕ್ತವಾಗಿ ಸಿಗುವ ಹಾಗೆ ಮಾಡಿದ್ದಾರೆ.

ಈಗ ಪಾಲ್ಮೈರಾವನ್ನು ಮತ್ತೆ ಕಟ್ಟಬೇಕು ಅನ್ನೋ ಮಾತು ಇದೆ. ಕಟ್ಟಿದರೆ ಯಾವುದನ್ನು? ಕ್ರಿ.ಶ. 32ರ ದೇವಸ್ಥಾನವನ್ನೋ, ಮಸೀದಿಯನ್ನೋ, 1932ರಲ್ಲಿ ಗುಡಿಸಿಟ್ಟ ಅಂಗಳವನ್ನೋ? ಮಣ್ಣಿನ ಮನೆಗಳನ್ನು ಕಟ್ಟಿ ಅಂತ ಕೇಳಿದವರು ನನಗಂತೂ ಸಿಕ್ಕಿಲ್ಲ.

ನೀವೇ ಹುಡುಕಿ ನೋಡಬೇಕು ಅಂದ್ರೆ, ಜೆರುಸಲೇಮ್‌ನಲ್ಲಿ ನೆಲೆಸಿದ್ದ ಅಮೆರಿಕನ್ ಕಾಲೊನಿ ಅನ್ನೋ ಕ್ರೈಸ್ತ ಸಮುದಾಯದವರು ತೆಗೆದ ಫೋಟೋಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಬ್ರಿಟಿಷ್ ಪ್ರವಾಸಿ ಗರ್ಟ್ರೂಡ್ ಬೆಲ್ 1900ರಲ್ಲಿ ತೆಗೆದವು ನ್ಯೂಕಾಸಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. ಹಳೆಯವರು ಬೇಲ್ ದೇವಸ್ಥಾನಕ್ಕೆ ಸೂರ್ಯ ದೇವಾಲಯ ಅಂತ ಬರೆಯುತ್ತಿದ್ದರು, ಹಾಗಾಗಿ ಆ ಹೆಸರಲ್ಲೂ ಹುಡುಕಿ. ದೊಡ್ಡ ಸೈಜಿನ ಫೈಲ್ ಇಳಿಸಿಕೊಳ್ಳಿ. ಚಿಕ್ಕದರಲ್ಲಿ ಬರೀ ಕಂಬಗಳು ಕಾಣುತ್ತವೆ.