ಕೆಂಪು ಕೆಂಪಿಗೇ ಹಾಕಿದ್ದೀರಾ?

ನಮಸ್ಕಾರ. ಇವತ್ತು ಮನೆಯ ಸ್ಟೀರಿಯೋ ಬಗ್ಗೆ ನಾಲ್ಕು ಮಾತು. ಲಕ್ಷಗಟ್ಟಲೆ ಬೆಲೆಯದ್ದಲ್ಲ, ನಮ್ಮ ಕೈಗೆಟುಕುವಂಥದ್ದು.

ಎಫ್‌ಎಂ ರಿಸೀವರ್‌ಗೆ, ಅಂದರೆ ರೇಡಿಯೋ, ಆಂಪ್ಲಿಫೈಯರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಸೆಟ್‌ಗೆ, ಎರಡು ಸ್ಪೀಕರ್ ಹಾಕಿಕೊಂಡು ಈ ಮಾತು ಕೇಳುತ್ತಿದ್ದೀರಾ? ಹಾಗಾದರೆ ನನ್ನ ಧ್ವನಿ ಒಂದು ಕೆಲಸಕ್ಕೆ ಬರುತ್ತದೆ. ಎರಡು ಸ್ಪೀಕರ್‌ಗಳಿಂದಲೂ ಅಷ್ಟಷ್ಟೇ ದೂರದಲ್ಲಿ ಕುಳಿತು ಕಣ್ಣು ಮುಚ್ಚಿಕೊಳ್ಳಿ. ನಾನು ಎಲ್ಲಿಂದ ಮಾತಾಡುತ್ತಿದ್ದೇನೆ? ಸರಿಯಾಗಿ ನಡುವಿನಿಂದ, ಸ್ಪೀಕರೇ ಇಲ್ಲದ ಜಾಗದಿಂದ ಅನ್ನಿಸಿದರೆ ನಿಮ್ಮ ಸೆಟ್ ಅರ್ಧ ಪಾಸು. ಧ್ವನಿ ಎಲ್ಲೂ ನೆಲೆ ನಿಲ್ಲದೆ ಕಿವಿಯ ಅಕ್ಕಪಕ್ಕ ತೇಲಾಡಿದ ಹಾಗಿದ್ದರೆ, ಬಹುಶಃ ಒಂದು ಕಡೆಯ ವೈರ್ ಉಲ್ಟಾ ಆಗಿದೆ.

ನನಗೂ ಆಗಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಆರು ಸಾವಿರ ಕೊಟ್ಟು ಒಂದು ಹಳೇ ರಿಸೀವರ್ ತಂದೆ. ಮನೆಗೆ ಬಂದು ಒಂದು ಕಛೇರಿ ಹಾಕಿದರೆ ಹಾಡು ಕೇಳುತ್ತೆ, ಪಿಟೀಲು ಕೇಳುತ್ತೆ, ಮೃದಂಗದ ಬಲಗೈ ಟಣ್ ಅನ್ನುತ್ತೆ, ಎಡಗಡೆಯ ತೊಪ್ಪಿಯ ಗುಂಕಿ, ಆ ಮಂದ್ರದ ದನಿ, ಮಾತ್ರ ನಾಪತ್ತೆ! ಡಬ್ಬಾ ಸೆಟ್ ಕೊಟ್ಟು ಮೋಸ ಮಾಡಿದ ಅಂತ ಜಗಳಕ್ಕೇ ಹೋದೆ. ಅಂಗಡಿಯವರು ತಲೆ ಎತ್ತದೆ ಕೇಳಿದ್ದು ಒಂದೇ ಮಾತು. ‘ಕೆಂಪು ಕೆಂಪಿಗೇ ಹಾಕಿದ್ದೀರಾ ಸಾರ್?’

ಹಾಕಿರಲಿಲ್ಲ. ರಿಸೀವರ್‌ನ ಕೆಂಪು ತುದಿ ಸ್ಪೀಕರ್‌ನ ಕೆಂಪಿಗೆ, ಕಪ್ಪು ಕಪ್ಪಿಗೆ ಹೋಗಬೇಕು. ಒಂದು ಕಡೆ ಅದಲು ಬದಲಾದರೆ ಒಂದು ಸ್ಪೀಕರ್ ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ಮಂದ್ರದ ದನಿ ಅಲ್ಲೇ ಒಂದನ್ನೊಂದು ಹೊಡೆದುಹಾಕುತ್ತದೆ. ಆ ವೈರೂ ದುಬಾರಿಯದ್ದು ಬೇಕಿಲ್ಲ. ನಾಲ್ಕೈದು ಮೀಟರ್ ಒಳಗಾದರೆ ಎಲೆಕ್ಟ್ರಿಕಲ್ ಅಂಗಡಿಯ 1.5 ಚದರ ಮಿ.ಮೀ. ತಾಮ್ರದ ವೈರ್ ಧಾರಾಳ ಸಾಕು.

ಇನ್ನು ವ್ಯಾಟ್ ವಿಚಾರ. ಪೆಟ್ಟಿಗೆ ಮೇಲೆ ಪಿಎಂಪಿಓ, ಅಂದರೆ ಒಂದು ಕ್ಷಣದ ಗರಿಷ್ಠ ಶಕ್ತಿ, ಅಂತ ಸಾವಿರಗಟ್ಟಲೆ ಬರೆದಿದ್ದರೆ ನಕ್ಕು ಬಿಟ್ಟುಬಿಡಿ, ಆರ್‌ಎಂಎಸ್, ಅಂದರೆ ಸತತವಾಗಿ ಕೊಡಬಲ್ಲ ಶಕ್ತಿ, ಎಷ್ಟು ಅಂತ ನೋಡಿ. 20 ವ್ಯಾಟ್‌ನಿಂದ 40ಕ್ಕೆ ಹೋದರೆ ಸಿಗುವುದು ಬರೀ 3 ಡೆಸಿಬಲ್, ಅಂದರೆ ‘ಹ್ಞಾಂ, ಸ್ವಲ್ಪ ಜೋರಾಯ್ತು’ ಅನ್ನುವಷ್ಟು. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಅದೇ ದುಡ್ಡನ್ನು ಸ್ಪೀಕರ್‌ಗೆ ಹಾಕಿ. ಸೆನ್ಸಿಟಿವಿಟಿ, ಅಂದರೆ ಅಷ್ಟೇ ವ್ಯಾಟ್‌ಗೆ ಸ್ಪೀಕರ್ ಎಷ್ಟು ಜೋರಾಗಿ ನುಡಿಯುತ್ತದೆ ಅನ್ನುವುದು, 87 ಡೆಸಿಬಲ್ ಇರುವುದರ ಬದಲು 90 ಇರುವ ಜೋಡಿ ತಂದರೆ ಅದೇ ರಿಸೀವರ್‌ನ ಶಕ್ತಿ ಎರಡರಷ್ಟಾದ ಹಾಗೆ. ಓಮ್, ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ, ಅದನ್ನೂ ನೋಡಿ: ಹಿಂದುಗಡೆ 8 ಓಮ್ ಅಂತ ಬರೆದಿರುವ ಸೆಟ್‌ಗೆ 4 ಓಮ್ ಸ್ಪೀಕರ್ ಹಾಕಿ ಜೋರು ಮಾಡಿದರೆ ಅದು ದೋಸೆ ಕಾವಲಿಯಂತೆ ಕಾಯುತ್ತದೆ.

ಅಮೆರಿಕದಿಂದ ಮಗನೋ ಭಾವನೋ ತಂದುಕೊಟ್ಟ ಸೆಟ್ ಆದರೆ ಮೊದಲು ಹಿಂದುಗಡೆ ಓದಿ. 120 ವೋಲ್ಟ್ ಅಂತಷ್ಟೇ ಇದ್ದರೆ ನಮ್ಮ 230ಕ್ಕೆ ಸುಮ್ನೆ ಚುಚ್ಚಬೇಡಿ, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ನಮ್ಮ ಮನೆಗಳ ದೊಡ್ಡ ಕಷ್ಟ ಅಂದರೆ ನೆಲ, ಗೋಡೆ, ಧ್ವನಿ ಅವಕ್ಕೆ ಬಡಿದು ವಾಪಸ್ ಬರುತ್ತದೆ. ಟೈಲ್ಸು, ಬೋಳು ಗೋಡೆ, ಗಾಜಿನ ಶೋಕೇಸು, ಅದರ ನೆತ್ತಿಯ ಮೇಲೆ ಒಂದು ಸ್ಪೀಕರ್, ಟಿವಿ ಪಕ್ಕದ ನೆಲದ ಮೇಲೆ ಇನ್ನೊಂದು. ಪಾಪ, ರಿಸೀವರ್ ತಾನೇ ಏನು ಮಾಡೀತು? ಎರಡನ್ನೂ ಒಂದೇ ಎತ್ತರದಲ್ಲಿಡಿ, ತಾರದ ದನಿ ನುಡಿಸುವ ಸಣ್ಣ ಟ್ವೀಟರ್ ನಿಮ್ಮ ಕಿವಿಯ ಮಟ್ಟಕ್ಕೆ ಬರಲಿ. ಸ್ಪೀಕರ್‌ಗಳ ನಡುವೆ ಎಷ್ಟು ದೂರವೋ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ ನೀವು ಕೂತುಕೊಳ್ಳಿ. ಮೂಲೆಗೆ ಒತ್ತಿಟ್ಟರೆ ಗುಂಯ್ ಗುಂಯ್ ಜಾಸ್ತಿ, ಒಂದಡಿ ಈಚೆಗೆ ಎಳೆಯಿರಿ. ಮುಂದೆ ಒಂದು ಜಮಖಾನ ಹಾಸಿ. ನಾನು ಅತ್ತೆಯವರ ಹಳೇ ಜಮಖಾನ ಹಾಸಿದ್ದೇನೆ, ಅದು ಮಾಡಿದಷ್ಟು ಉಪಕಾರವನ್ನು ತಾರದ ದನಿ ಏರಿಳಿಸುವ ಆ ಟ್ರೆಬಲ್ ಬಿರಡೆ ಯಾವತ್ತೂ ಮಾಡಲಿಲ್ಲ.

ರೇಡಿಯೋ ಸುಯ್ ಅನ್ನುತ್ತಿದ್ದರೆ ಏರಿಯಲ್ ನೋಡಿ. ಸೆಟ್ ಹಿಂದೆ ಸುರುಳಿ ಸುತ್ತಿ ಬಿದ್ದಿರುತ್ತದೆ, ಅಲ್ವಾ? ಎಫ್‌ಎಂ ಅಲೆಯ ಉದ್ದ ಸುಮಾರು 3 ಮೀಟರ್. ಅದಕ್ಕೇ ಆ ಟಿ ಆಕಾರದ ವೈರ್‌ನ ಅಡ್ಡಪಟ್ಟಿ ಅದರ ಅರ್ಧ, ಒಂದೂವರೆ ಮೀಟರ್ ಇರುತ್ತದೆ. ಬಿಡಿಸಿ, ಕಿಟಕಿಯ ಮೇಲೆ ಅಗಲಕ್ಕೆ ಕಟ್ಟಿ. ಆಗಲೂ ಸುಯ್ ಅಂದರೆ ಎರಡು ಸ್ಪೀಕರ್‌ಗೂ ಒಂದೇ ದನಿ ಕೊಡುವ ಮೋನೋ ಬಟನ್ ಒತ್ತಿ, ತುಂಬಾ ಕಮ್ಮಿಯಾಗುತ್ತದೆ. ಮಾತು ಕೇಳುವುದಕ್ಕೆ ಸ್ಟೀರಿಯೋ ಯಾಕೆ?

ನನ್ನ ಧ್ವನಿ ಇನ್ನೂ ತೇಲಾಡುತ್ತಲೇ ಇದೆಯಾ? ಹಾಗಾದರೆ ಎದ್ದು ಹಿಂದಿನ ವೈರ್ ಬದಲಿಸಿ. ಒಂದೇ ಕಡೆಯದ್ದು, ಎರಡೂ ಅಲ್ಲ. ಕೈ ಹಾಕುವ ಮುಂಚೆ ಸೆಟ್ ಆಫ್ ಮಾಡಲೇಬೇಕು. ಆಫ್ ಮಾಡಿದರೆ ನಾನೂ ನಿಂತುಹೋಗುತ್ತೇನೆ, ಪರವಾಗಿಲ್ಲ, ನನ್ನ ಮಾತು ಮುಗಿದಿದೆ.