2035ರ ಗೊಂದಲ

ಕೇಳುಗರೆಲ್ಲರಿಗೂ ನಮಸ್ಕಾರ.

ಹವಾಮಾನ ಬದಲಾವಣೆ ಅಂದ ತಕ್ಷಣ ‘ಅದೆಲ್ಲ ಸುಮ್ನೆ ಹೆದರಿಸೋದು’ ಅನ್ನುವವರು ನಮ್ಮ ನಡುವೆ ಇದ್ದಾರೆ. ಅವರನ್ನು ದಡ್ಡರೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅನುಮಾನಕ್ಕೆ ಎಡೆ ಮಾಡಿಕೊಟ್ಟವರಲ್ಲಿ ತಿಳಿದವರೂ ಇದ್ದಾರೆ.

2007ರಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ ಒಂದು ದೊಡ್ಡ ವರದಿ ತಂದಿತು. ಹಿಮಾಲಯದ ಹಿಮನದಿಗಳು 2035ರ ಹೊತ್ತಿಗೆ, ಇಲ್ಲವೇ ಅದಕ್ಕೂ ಮೊದಲೇ, ಮಾಯವಾಗುವ ಸಾಧ್ಯತೆ ಬಹಳ ಜಾಸ್ತಿ ಅಂತ ಅದರಲ್ಲಿತ್ತು. 2009ರ ನವೆಂಬರಿನಲ್ಲಿ ಭೂವಿಜ್ಞಾನಿ ವಿ. ಕೆ. ರೈನಾ ಅವರ ಬರಹವನ್ನು ಕೇಂದ್ರ ಪರಿಸರ ಸಚಿವಾಲಯ ಹೊರತಂದಿತು. ಅಷ್ಟು ಅವಸರದ ತೀರ್ಮಾನ ಬೇಡ ಅನ್ನುವುದು ಅವರ ವಾದ. ಐಪಿಸಿಸಿ ಅಧ್ಯಕ್ಷ ಪಚೌರಿ ಅದನ್ನು ಕಟುವಾಗಿ ಟೀಕಿಸಿದರು. 2010ರ ಜನವರಿಯಲ್ಲಿ ಅದೇ ಐಪಿಸಿಸಿ ವಿಷಾದ ಹೇಳಿತು: 2035ರ ಮಾತಿಗೆ ಗಟ್ಟಿ ಆಧಾರ ಇರಲಿಲ್ಲ.

ತಪ್ಪು ಒಪ್ಪಿಕೊಂಡರು, ಅಲ್ಲಿಗೆ ಮುಗಿಯಬೇಕಿತ್ತು ಅಲ್ವಾ? ಮುಗಿಯಲಿಲ್ಲ. ‘ವರ್ಷ ಸುಳ್ಳು’ ಅನ್ನುವುದು ಬಾಯಿಂದ ಬಾಯಿಗೆ ಹೋಗಿ ‘ಕರಗುವುದೇ ಸುಳ್ಳು’ ಅಂತಾಯಿತು. ನನಗನ್ನಿಸುವಂತೆ, ತಪ್ಪಿಗಿಂತ ಆ ಕಟು ಮಾತೇ ಜಾಸ್ತಿ ಕೆಡಿಸಿತು. ಪ್ರಶ್ನೆ ಕೇಳಿದವರ ಬಾಯಿ ಮುಚ್ಚಿಸಿದರೆ, ಮುಂದೆ ಸರಿಯಾದ ಮಾತು ಹೇಳಿದರೂ ಜನ ನಂಬುವುದಿಲ್ಲ.

ಹಾಗಾದರೆ ಯಾವುದನ್ನು ನಂಬೋಣ? ಅಳತೆಯನ್ನು. ಹಿಮಾಚಲದ ಛೋಟಾ ಶಿಗ್ರಿ ಹಿಮನದಿಯ ಮೇಲೆ 2002ರಿಂದ ಅಳತೆ ನಡೆದಿದೆ. ಮಂಜುಗಡ್ಡೆಗೆ ಆಳವಾಗಿ ತೂತು ಕೊರೆದು ಬಿದಿರಿನ ಗಳ ಇಳಿಸುತ್ತಾರೆ. ಬೇಸಿಗೆ ಕಳೆದ ಮೇಲೆ ಹೋಗಿ ನೋಡಿದರೆ ಗಳ ಮೊದಲಿಗಿಂತ ಜಾಸ್ತಿ ಹೊರಗೆ ಕಾಣುತ್ತದೆ. ಅಷ್ಟು ಗಡ್ಡೆ ಕರಗಿದೆ ಅಂತ ಲೆಕ್ಕ. ಮೇಲ್ಭಾಗದಲ್ಲಿ ಹೊಸದಾಗಿ ಸೇರಿದ ಹಿಮವನ್ನೂ ಅಳೆಯುತ್ತಾರೆ. ಬಂದದ್ದರಲ್ಲಿ ಹೋದದ್ದನ್ನು ಕಳೆದರೆ ಆ ವರ್ಷದ ಜಮಾ ಖರ್ಚು ಸಿಗುತ್ತದೆ. ಕೆಲವು ವರ್ಷ ಜಮೆಯೂ ಆಗಿದೆ, ಅದನ್ನೂ ಮುಚ್ಚಿಡದೆ ಬರೆದಿದ್ದಾರೆ. ಒಟ್ಟು ಸೇರಿಸಿದರೆ ಮಾತ್ರ ನಷ್ಟವೇ.

ಪರ್ವತ ಪ್ರದೇಶಗಳ ಅಧ್ಯಯನ ಮಾಡುವ ಕಾಠ್ಮಂಡುವಿನ ಐಸಿಮೋಡ್ ಸಂಸ್ಥೆಯ 2023ರ ವರದಿ ಇನ್ನೂ ದೊಡ್ಡ ಲೆಕ್ಕ ಕೊಡುತ್ತದೆ. ಅಫ್ಘಾನಿಸ್ತಾನದಿಂದ ಮ್ಯಾನ್ಮಾರ್‌ವರೆಗೆ ಹಬ್ಬಿರುವ ಹಿಂದೂಕುಷ್ ಹಿಮಾಲಯದಲ್ಲಿ 2011ರಿಂದ 2020ರವರೆಗೆ ಹಿಮನದಿಗಳು ಕರಗಿದ ವೇಗ ಅದರ ಹಿಂದಿನ ಹತ್ತು ವರ್ಷಕ್ಕಿಂತ ಶೇಕಡಾ 65 ಜಾಸ್ತಿ. ಎಲ್ಲ ಕಡೆಯೂ ಒಂದೇ ವೇಗವಲ್ಲ. ಹಿಮಾಲಯದ ವಾಯವ್ಯಕ್ಕಿರುವ ಕಾರಾಕೋರಂ ಪರ್ವತಗಳಲ್ಲಿ ಅನೇಕ ಹಿಮನದಿಗಳು ಬಹುಕಾಲ ಅಷ್ಟಾಗಿ ಕುಗ್ಗಲಿಲ್ಲ. ಅವನ್ನಷ್ಟೇ ತೋರಿಸಿ ಎಲ್ಲ ಸರಿಯಿದೆ ಅನ್ನುವುದೂ ಮೋಸವೇ.

2035 ಬಂದಾಗಲೂ ಹಿಮಾಲಯದಲ್ಲಿ ಹಿಮನದಿಗಳು ಇರುತ್ತವೆ. ‘ನೋಡಿ, ಏನೂ ಆಗಲಿಲ್ಲ’ ಅನ್ನುವ ಸಂದೇಶ ನಿಮ್ಮ ಫೋನಿಗೂ ಬರುತ್ತದೆ. ಕಳಿಸಿದವರನ್ನು ದಯವಿಟ್ಟು ಜಗಳವಾಡದೆ ಕೇಳಿ: ಆ ಬಿದಿರಿನ ಗಳ ಈ ವರ್ಷ ಎಷ್ಟು ಹೊರಗೆ ಬಂದಿದೆ?

ನಮಸ್ಕಾರ.